ಹೆಣ್ಣುಮಕ್ಕಳು ಮತ್ತು ಬಿಎಂಎಕ್ಸ್: ಮೆಡೆಲಿನ್‌ನ ಟ್ರ್ಯಾಕ್, ನಂದಿಯ ತಪ್ಪಲು

ಬಿಎಂಎಕ್ಸ್ ಎಂಬುದು ಬೈಸಿಕಲ್ ಮೋಟೊಕ್ರಾಸ್ ಎಂಬ ಹೆಸರಿನ ಹ್ರಸ್ವರೂಪ. 1970ರ ದಶಕದ ಆರಂಭದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮಕ್ಕಳು ಮೋಟಾರ್‌ಸೈಕಲ್ ಸ್ಪರ್ಧಿಗಳನ್ನು ಅನುಕರಿಸಿ ಮಣ್ಣಿನ ದಿಬ್ಬಗಳ ಮೇಲೆ ತಮ್ಮ ಪುಟ್ಟ ಸೈಕಲ್‌ಗಳನ್ನು ಹಾರಿಸುತ್ತಿದ್ದ ಆಟವು ಕ್ರಮೇಣ ನಿಯಮಬದ್ಧ ಸ್ಪರ್ಧೆಯಾಗಿ ಬೆಳೆದು, 1982ರಲ್ಲಿ ತನ್ನ ಮೊದಲ ವಿಶ್ವ ಚಾಂಪಿಯನ್‌ಷಿಪ್ ಅನ್ನು ಕಂಡು, 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ಗೆ ಸೇರ್ಪಡೆಯಾಯಿತು. ಅಲ್ಲಿ ಪುರುಷರಿಗೂ ಮಹಿಳೆಯರಿಗೂ ಒಟ್ಟಿಗೇ ಪದಕಗಳನ್ನು ಇಡಲಾಯಿತು ಎಂಬುದು ಗಮನಾರ್ಹ. ಹಲವು ಕ್ರೀಡೆಗಳಲ್ಲಿ ಮಹಿಳೆಯರು ದಶಕಗಳ ಕಾಲ ಕಾಯಬೇಕಾಗಿ ಬಂದ ಬಾಗಿಲು ಇಲ್ಲಿ ಮೊದಲ ದಿನವೇ ತೆರೆದಿತ್ತು. ಆದರೂ ಆ ಬಾಗಿಲಿನವರೆಗೆ ತಲುಪುವ ದಾರಿ ಎಲ್ಲ ಊರಿನ ಹುಡುಗಿಯರಿಗೂ ಒಂದೇ ಆಗಿಲ್ಲ. ಬಿಎಂಎಕ್ಸ್ ಸ್ಪರ್ಧಿಯೊಬ್ಬಳ ವೃತ್ತಿಜೀವನವನ್ನು ರೂಪಿಸುವುದು ಆಕೆಯ ಧೈರ್ಯಕ್ಕಿಂತ ಮೊದಲು ಮನೆಯ ಹತ್ತಿರ ಇರುವ ಒಂದು ಮಣ್ಣಿನ ಟ್ರ್ಯಾಕ್ ಮತ್ತು ನಡುವೆ ನಿಂತುಹೋಗದ ಹಣದ ಆಸರೆ ಎಂಬುದು ಈ ಕ್ರೀಡೆಯ ಪ್ರಸಿದ್ಧ ಮಹಿಳೆಯರ ಬದುಕನ್ನು ನೋಡಿದಾಗ ಸ್ಪಷ್ಟವಾಗುತ್ತದೆ.

ಸ್ಪರ್ಧೆಯ ಸ್ವರೂಪ ಸರಳವಾದುದು. ಎಂಟು ಮಂದಿ ಎತ್ತರದ ದಿಬ್ಬವೊಂದರ ನೆತ್ತಿಯಲ್ಲಿ ಗೇಟ್ ಎಂಬ ಲೋಹದ ತಡೆಗೆ ಮುಂಚಕ್ರವನ್ನು ಒತ್ತಿ ನಿಲ್ಲುತ್ತಾರೆ. ಸಾಮಾನ್ಯ ಟ್ರ್ಯಾಕ್‌ಗಳಲ್ಲಿ ಸುಮಾರು 5 ಮೀಟರ್ ಎತ್ತರವಿರುವ ಈ ದಿಬ್ಬವು ಒಲಿಂಪಿಕ್ ಮಟ್ಟದಲ್ಲಿ 8 ಮೀಟರ್ ಇರುತ್ತದೆ. ಧ್ವನಿಮುದ್ರಿತ ಎಚ್ಚರಿಕೆಯ ನಂತರ ಗೇಟ್ ಯಾವ ಕ್ಷಣದಲ್ಲಿ ಬೀಳುತ್ತದೆ ಎಂಬುದು ಯಾರೂ ಮೊದಲೇ ಊಹಿಸಲಾಗದಂತೆ ಪ್ರತಿ ಬಾರಿಯೂ ಬದಲಾಗುತ್ತದೆ. ಅಲ್ಲಿಂದ ಮುಂದೆ 300ರಿಂದ 400 ಮೀಟರ್ ಉದ್ದದ ದಾರಿಯಲ್ಲಿ ಸಾಲುಸಾಲಾದ ಉಬ್ಬುಗಳನ್ನೂ, ಬರ್ಮ್ ಎಂದು ಕರೆಯಲಾಗುವ, ಹೊರ ಅಂಚು ಎತ್ತರವಾಗಿರುವ ತಿರುವುಗಳನ್ನೂ ದಾಟಿ, ಸುಮಾರು 35ರಿಂದ 45 ಸೆಕೆಂಡುಗಳಲ್ಲಿ ಓಟ ಮುಗಿಯುತ್ತದೆ. ಸೈಕಲ್‌ನ ಚಕ್ರ 20 ಇಂಚಿನದು, ಗೇರ್ ಒಂದೇ, ಬ್ರೇಕ್ ಹಿಂದಿನ ಚಕ್ರಕ್ಕೆ ಮಾತ್ರ. ಸೀಟು ಇದ್ದರೂ ಅದರ ಮೇಲೆ ಕುಳಿತುಕೊಳ್ಳುವ ಅವಕಾಶ ಹೆಚ್ಚುಕಡಿಮೆ ಬರುವುದೇ ಇಲ್ಲ. ಮೊದಲ ತಿರುವನ್ನು ಮುಂದಾಗಿ ತಲುಪಿದವರನ್ನು ಆಮೇಲೆ ಹಿಂದಿಕ್ಕುವುದು ಕಷ್ಟವಾದ್ದರಿಂದ, ಗೇಟ್ ಬಿದ್ದ ಕೂಡಲೇ ತೊಡೆ ಮತ್ತು ಸೊಂಟದ ಬಲವನ್ನೆಲ್ಲ ಪೆಡಲ್‌ಗೆ ಇಳಿಸುವ ಕೌಶಲವೇ ಸ್ಪರ್ಧಿಯ ಮುಖ್ಯ ಬಂಡವಾಳ. ಉಬ್ಬುಗಳ ಮೇಲೆ ಪೆಡಲ್ ತುಳಿಯದೆ ಕೈಕಾಲುಗಳನ್ನು ಬಾಗಿಸಿ ಒತ್ತುತ್ತಲೇ ವೇಗ ಗಳಿಸುವ ಪಂಪಿಂಗ್ ಎಂಬ ವಿದ್ಯೆ ಎರಡನೆಯದು, ಮತ್ತು ಇದು ಎಳವೆಯಲ್ಲಿ ಮೈಗೂಡಿದಷ್ಟು ಸಲೀಸಾಗಿ ಬೆಳೆದ ಮೇಲೆ ಮೈಗೂಡುವುದಿಲ್ಲ.

ಕೊಲಂಬಿಯಾದ ಮರಿಯಾನಾ ಪಜೋನ್ ಅವರ ಸಾಧನೆಯನ್ನು ಈ ಹಿನ್ನೆಲೆಯಲ್ಲಿ ಗ್ರಹಿಸಬೇಕು. 1991ರಲ್ಲಿ ಬೆಟ್ಟಗಳ ನಡುವಿನ ಮೆಡೆಲಿನ್ ನಗರದಲ್ಲಿ ಹುಟ್ಟಿದ ಅವರು ಶಾಲೆಗೆ ಸೇರುವ ವಯಸ್ಸಿಗೇ ಟ್ರ್ಯಾಕ್‌ಗೆ ಇಳಿದು, ಐದನೇ ವಯಸ್ಸಿನಲ್ಲಿ ರಾಷ್ಟ್ರೀಯ ಪ್ರಶಸ್ತಿಯನ್ನೂ ಒಂಬತ್ತನೇ ವಯಸ್ಸಿನಲ್ಲಿ ತಮ್ಮ ವಯೋವರ್ಗದ ವಿಶ್ವ ಪ್ರಶಸ್ತಿಯನ್ನೂ ಗೆದ್ದರು. 2012ರ ಲಂಡನ್ ಮತ್ತು 2016ರ ರಿಯೊ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಪಡೆದ ಮೇಲೆ, 2018ರಲ್ಲಿ ಮೊಣಕಾಲಿಗೆ ತೀವ್ರ ಗಾಯವಾಗಿ ಶಸ್ತ್ರಚಿಕಿತ್ಸೆಗೆ ಒಳಗಾಗಿಯೂ, ಟೋಕಿಯೊದಲ್ಲಿ ಬೆಳ್ಳಿ ಗೆದ್ದರು. ಮೆಡೆಲಿನ್‌ನ ಬಿಎಂಎಕ್ಸ್ ಟ್ರ್ಯಾಕ್‌ಗೆ ಇಂದು ಅವರದೇ ಹೆಸರಿದೆ. ಎಳವೆಯಲ್ಲೇ ಟ್ರ್ಯಾಕ್‌ಗೆ ಇಳಿಯಬೇಕೆಂಬ ಮಾತಿಗೆ ಅಪವಾದದಂತೆ ಕಾಣುವವರು ಬೀಜಿಂಗ್‌ನಲ್ಲಿ ಮೊದಲ ಮಹಿಳಾ ಚಿನ್ನ ಗೆದ್ದ ಫ್ರಾನ್ಸಿನ ಆನ್-ಕರೊಲಿನ್ ಶೋಸೋನ್. ಬೆಟ್ಟದಿಂದ ಕೆಳಗೆ ಧುಮುಕುವ ಡೌನ್‌ಹಿಲ್ ಸೈಕ್ಲಿಂಗ್‌ನಲ್ಲಿ ವರ್ಷಗಟ್ಟಲೆ ವಿಶ್ವ ಚಾಂಪಿಯನ್ ಆಗಿದ್ದ ಅವರು ಮೂವತ್ತರ ವಯಸ್ಸಿನಲ್ಲಿ ಈ ಪದಕ ಪಡೆದರು. ಆದರೆ ಅವರೂ ಬಾಲ್ಯದಲ್ಲಿ ಬಿಎಂಎಕ್ಸ್ ಆಡಿಯೇ ಬೆಳೆದವರು.

ಹಣದ ಪ್ರಶ್ನೆಯನ್ನು ಬ್ರಿಟನ್ನಿನ ಬೆಥನಿ ಶ್ರೀವರ್ ಅವರ ಕಥೆಯಷ್ಟು ನೇರವಾಗಿ ಮತ್ತೊಂದು ಹೇಳಲಾರದು. ರಿಯೊ ಒಲಿಂಪಿಕ್ಸ್ ನಂತರ ಅಲ್ಲಿನ ಅನುದಾನ ಸಂಸ್ಥೆಯಾದ ಯುಕೆ ಸ್ಪೋರ್ಟ್ ಬಿಎಂಎಕ್ಸ್ ರೇಸಿಂಗ್‌ನಲ್ಲಿ ಪುರುಷರಿಗೆ ಮಾತ್ರ ಹಣ ಕೊಡಲು ತೀರ್ಮಾನಿಸಿದ್ದರಿಂದ, 2017ರಲ್ಲಿ ಜೂನಿಯರ್ ವಿಶ್ವ ಚಾಂಪಿಯನ್ ಆದ ಈ ಯುವತಿ ತಂದೆತಾಯಿಯ ಮನೆಯಲ್ಲೇ ಉಳಿದು, ಪುಟ್ಟ ಮಕ್ಕಳ ಶಾಲೆಯಲ್ಲಿ ಸಹಾಯಕಿಯಾಗಿ ದುಡಿಯುತ್ತ ಅಭ್ಯಾಸ ಮಾಡಬೇಕಾಯಿತು. ಅರ್ಹತಾ ಸ್ಪರ್ಧೆಗಳಿಗಾಗಿ ದೇಶದೇಶ ಸುತ್ತಲು ಬೇಕಾದ 50,000 ಪೌಂಡ್‌ಗಳಿಗೆ ಅವರು ಸಾರ್ವಜನಿಕರ ಮುಂದೆ ಕೈಚಾಚಿದರು. ಹಾಗೆ ಟೋಕಿಯೊ ತಲುಪಿ, 2021ರ ಜುಲೈ 30ರಂದು ನಡೆದ ಫೈನಲ್‌ನಲ್ಲಿ ಪಜೋನ್ ಅವರನ್ನು ಕೇವಲ 0.09 ಸೆಕೆಂಡ್ ಅಂತರದಿಂದ ಹಿಂದಿಕ್ಕಿ ಚಿನ್ನ ಗೆದ್ದರು. ಅದೇ ವರ್ಷ ವಿಶ್ವ ಚಾಂಪಿಯನ್ನೂ ಆದರು. ಶ್ರೀಮಂತ ದೇಶವೊಂದರಲ್ಲಿಯೂ ಪ್ರತಿಭಾವಂತ ಹೆಣ್ಣುಮಗಳೊಬ್ಬಳು ಅನುದಾನದ ಒಂದು ತೀರ್ಮಾನದಿಂದ ಕ್ರೀಡೆಗೇ ಕಳೆದುಹೋಗುವ ಸ್ಥಿತಿ ಬಂದಿತ್ತು ಎಂಬುದು ನೋವಿನ ಸಂಗತಿ. ಹಾಗೆ ನಿಜಕ್ಕೂ ಕಳೆದುಹೋದವರ ಹೆಸರುಗಳು ಯಾವ ದಾಖಲೆಯಲ್ಲೂ ಸಿಗುವುದಿಲ್ಲ.

ಗಾಯ ಈ ವೃತ್ತಿಯ ನಿತ್ಯದ ಲೆಕ್ಕ. ಇಡೀ ಮುಖ ಮುಚ್ಚುವ ಹೆಲ್ಮೆಟ್ ಮತ್ತು ಉದ್ದ ತೋಳಿನ ಉಡುಪು ಕಡ್ಡಾಯವಾಗಿದ್ದರೂ, ಮಣಿಕಟ್ಟು, ಮೊಣಕಾಲು ಮತ್ತು ತಲೆಗೆ ಪೆಟ್ಟಾಗುವ ಅಪಾಯವನ್ನು ಪೂರ್ತಿ ತಪ್ಪಿಸಲಾಗದು. ಆಸ್ಟ್ರೇಲಿಯಾದ ಸಾಯಾ ಸಕಾಕಿಬಾರಾ ಅವರ ಅಣ್ಣ ಕಾಯ್, ಸ್ವತಃ ಬಿಎಂಎಕ್ಸ್ ಸ್ಪರ್ಧಿ, 2020ರ ಫೆಬ್ರುವರಿಯಲ್ಲಿ ವಿಶ್ವಕಪ್ ಓಟವೊಂದರಲ್ಲಿ ಬಿದ್ದು ಮೆದುಳಿಗೆ ತೀವ್ರ ಪೆಟ್ಟು ಮಾಡಿಕೊಂಡರು. ಮರುವರ್ಷ ಟೋಕಿಯೊದ ಸೆಮಿಫೈನಲ್‌ನಲ್ಲಿ ತಂಗಿಯೂ ಬಿದ್ದು ಸ್ಪರ್ಧೆಯಿಂದ ಹೊರಗುಳಿದರು. ಅವರು ಮರಳಿ ಬಂದು 2024ರ ಪ್ಯಾರಿಸ್‌ನಲ್ಲಿ ಚಿನ್ನ ಗೆದ್ದದ್ದು ಅಸಾಧಾರಣ ಮನೋಬಲದ ಫಲವಾದರೂ, ಅದರ ಹಿಂದೆ ವೈದ್ಯರು, ತರಬೇತುದಾರರು ಮತ್ತು ವರ್ಷಗಳ ಕಾಲ ಕಾಯಲು ಸಿದ್ಧವಿದ್ದ ವ್ಯವಸ್ಥೆಯೂ ಇತ್ತೆಂಬುದನ್ನು ಮರೆಯಲಾಗದು.

2008ರಿಂದ 2024ರವರೆಗಿನ ಐದು ಒಲಿಂಪಿಕ್ಸ್‌ಗಳಲ್ಲಿ ಈ ಸ್ಪರ್ಧೆಗೆ ಭಾರತದ ಯಾವ ಹೆಣ್ಣುಮಗಳೂ ಇಳಿದಿಲ್ಲ. ಕರ್ನಾಟಕದಲ್ಲಿ ಸೈಕ್ಲಿಂಗ್ ಎಂದರೆ ನೆನಪಾಗುವುದು ವಿಜಯಪುರ, ಬಾಗಲಕೋಟೆ, ಜಮಖಂಡಿಯ ಕಡೆಯ ರಸ್ತೆ ಓಟಗಳು. ಚಿಕ್ಕಬಳ್ಳಾಪುರ ಜಿಲ್ಲೆಯ ಹೆಸರು ಸೈಕಲ್ ಪ್ರಿಯರಲ್ಲಿ ಪರಿಚಿತವಾಗಿರುವುದು ಬೆಂಗಳೂರಿನವರು ವಾರಾಂತ್ಯದ ಬೆಳಗಿನಲ್ಲಿ ಏರಲು ಬರುವ, ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ನಂದಿಬೆಟ್ಟದ ಮೂಲಕ. ಆದರೆ ನಂದಿಯನ್ನು ಏರುವುದಕ್ಕೆ ಬೇಕಾದ ದೀರ್ಘ ಉಸಿರಿನ ಶಕ್ತಿಯೇ ಬೇರೆ, ಬಿಎಂಎಕ್ಸ್ ಬೇಡುವ ಸ್ಫೋಟಕ ಶಕ್ತಿಯೇ ಬೇರೆ. ಎರಡನೆಯದರ ಬೀಜವನ್ನು ಇದೇ ಜಿಲ್ಲೆಯ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಶಾಲಾ ಮೈದಾನಗಳಲ್ಲಿ ಖೊ ಖೊ ಆಡುವ ಹುಡುಗಿಯರಲ್ಲಿ ಹುಡುಕಬಹುದು. ಕುಳಿತಲ್ಲಿಂದ ಥಟ್ಟನೆ ಎದ್ದು ಮೂರು ಹೆಜ್ಜೆಯಲ್ಲಿ ಪೂರ್ಣ ವೇಗ ಪಡೆಯುವ ಆ ಆಟಗಾರ್ತಿಗೂ ಗೇಟ್ ಬೀಳುವುದನ್ನು ಕಾಯುವ ಸ್ಪರ್ಧಿಗೂ ಬೇಕಾದ ದೇಹಗುಣ ಬಹುಮಟ್ಟಿಗೆ ಒಂದೇ.

ಕೊರತೆಯಿರುವುದು ಬೇರೆಡೆ. 2006-07ರಲ್ಲಿ ಆರಂಭವಾದ ಸರ್ಕಾರದ ಉಚಿತ ಸೈಕಲ್ ಯೋಜನೆಯು ಹಳ್ಳಿಯ ಅಸಂಖ್ಯಾತ ಹೆಣ್ಣುಮಕ್ಕಳನ್ನು ಪ್ರೌಢಶಾಲೆಗೆ ತಲುಪಿಸಿತು, ಅದರ ಉಪಕಾರ ದೊಡ್ಡದು. ಆದರೆ ಅದು ಎಂಟನೇ ತರಗತಿಯವರಿಗೆ, ಅಂದರೆ ಪಜೋನ್ ತಮ್ಮ ಮೊದಲ ವಿಶ್ವ ಪ್ರಶಸ್ತಿ ಗೆದ್ದು ನಾಲ್ಕು ವರ್ಷ ಕಳೆದಿದ್ದ ವಯಸ್ಸಿನವರಿಗೆ, ಶಾಲೆಗೆ ಹೋಗಿಬರಲೆಂದು ಕೊಟ್ಟ ದೊಡ್ಡ ಚಕ್ರದ ಸೈಕಲ್. ಪೂರ್ಣ ಪ್ರಮಾಣದ ಟ್ರ್ಯಾಕ್‌ಗೆ ಒಂದೂವರೆ ಎರಡು ಎಕರೆ ಜಾಗ ಮತ್ತು ನೀರು ಸರಾಗವಾಗಿ ಹರಿದುಹೋಗುವ ವ್ಯವಸ್ಥೆ ಬೇಕಾಗುತ್ತದೆ. ಅದಕ್ಕಿಂತ ಮೊದಲು ಮಾಡಬಹುದಾದದ್ದು ಪಂಪ್ ಟ್ರ್ಯಾಕ್, ಅಂದರೆ ಉಬ್ಬುತಗ್ಗುಗಳನ್ನು ಸುತ್ತಾಗಿ ಜೋಡಿಸಿದ ಸಣ್ಣ ಕಲಿಕೆಯ ದಾರಿ. ಇದಕ್ಕೆ ಶಾಲಾ ಮೈದಾನದ ಒಂದು ಮೂಲೆ, ಜಿಲ್ಲೆಯ ಕೆಂಪುಮಣ್ಣು, ಹೂಳೆತ್ತಿದ ಕೆರೆಗಳ ಜೇಡಿಮಣ್ಣು ಮತ್ತು ಅದನ್ನು ನೀರು ಚಿಮುಕಿಸಿ ಬಿಗಿಯಾಗಿ ದಮ್ಮಸ್ಸು ಮಾಡುವ ಕೈಗಳು ಸಾಕು.

ಅಂತರರಾಷ್ಟ್ರೀಯ ನಿಯಮದಲ್ಲಿ ಜೂನಿಯರ್ ವಿಭಾಗವು 17 ಮತ್ತು 18 ವರ್ಷದವರದು. ಶಿಡ್ಲಘಟ್ಟದ ರೇಷ್ಮೆ ಬಿಚ್ಚುವವರ ಮನೆಯಲ್ಲಿ ಈಗ ಮೂರನೇ ತರಗತಿ ಓದುತ್ತಿರುವ ಎಂಟು ವರ್ಷದ ಹುಡುಗಿಗೆ ಆ ವಿಭಾಗ ಮುಟ್ಟಲು ಇನ್ನೂ ಒಂಬತ್ತು ವರ್ಷಗಳಿವೆ. ಅದರಲ್ಲಿ ಮೊದಲ ನಾಲ್ಕೈದು ವರ್ಷಗಳ ಕಲಿಕೆ ಶಾಲೆಯ ಪಂಪ್ ಟ್ರ್ಯಾಕ್‌ನಲ್ಲಿ, ಸಂಜೆ ಖೊ ಖೊ ಕಲಿಸುವ ಅದೇ ದೈಹಿಕ ಶಿಕ್ಷಕರ ಕಣ್ಣಳತೆಯಲ್ಲಿ, ಹತ್ತಾರು ಮಕ್ಕಳು ಸರದಿಯಲ್ಲಿ ಬಳಸುವ ನಾಲ್ಕೈದು ಸೈಕಲ್ ಮತ್ತು ಹೆಲ್ಮೆಟ್‌ಗಳಿಂದಲೇ ಸಾಧ್ಯ. 5 ಮೀಟರ್ ದಿಬ್ಬ, ಗೇಟ್ ಮತ್ತು ಪರಿಣತ ತರಬೇತುದಾರರ ಅಗತ್ಯ ಬೀಳುವುದು ಅನಂತರವೇ. ಆ ಹೊತ್ತಿಗೆ ಜಿಲ್ಲಾ ಕೇಂದ್ರದಲ್ಲಿ ಒಂದು ಟ್ರ್ಯಾಕ್ ಇರಬೇಕು, ಅದಕ್ಕೆ ಜಾಗ ಗುರುತಿಸುವ ಕೆಲಸ ಈಗಲೇ ಆಗಬೇಕು.