ಹಿಡಿಯೊಳಗಿನ ಹೆಸರು

ಜಪಾನಿನ ಖಡ್ಗವನ್ನು ನಿರ್ಮಿಸಿದ ಕಮ್ಮಾರನ ಹೆಸರು ಥಳಥಳಿಸುವ ಅಲಗಿನ ಮೇಲಲ್ಲ, ಹಿಡಿಯೊಳಗೆ ಹುದುಗಿ ಯಾರ ಕಣ್ಣಿಗೂ ಬೀಳದ ಬುಡದ ಮೇಲೆ ಇರುತ್ತದೆ. ಹಿಡಿಗೂ ಅಲಗಿಗೂ ಬಂಧನವೆಂದರೆ ಸಾಮಾನ್ಯವಾಗಿ ಒಂದು ಬಿದಿರಿನ ಮೊಳೆ ಮಾತ್ರ; ಅದನ್ನು ತಳ್ಳಿ ತೆಗೆದು, ಕತ್ತಿಯನ್ನು ಎಡಗೈಯಲ್ಲಿ ಮೇಲ್ಮುಖವಾಗಿ ಹಿಡಿದು, ಆ ಕೈಯ ಮಣಿಕಟ್ಟಿನ ಮೇಲೆ ಬಲಮುಷ್ಟಿಯಿಂದ ಮೆಲ್ಲನೆ ಗುದ್ದಿದರೆ ಹಿಡಿ ಸಡಿಲಗೊಂಡು, ಅಲ್ಲಿಯವರು ‘ನಕಾಗೊ’ ಎಂದು ಕರೆಯುವ, ಶತಮಾನಗಳ ತುಕ್ಕಿನಿಂದ ಕಪ್ಪಿಟ್ಟ ಬುಡ ಹೊರಗೆ ಬರುತ್ತದೆ. ಹಳೆಯ ಲೋಹವನ್ನು ಕಂಡೊಡನೆ ಹುಣಿಸೆಹಣ್ಣು ಹಚ್ಚಿ ಬೆಳಗುವ ನಮ್ಮ ಮನೆಗಳ ಉತ್ಸಾಹ ಅಲ್ಲಿ ಸಲ್ಲದು. ಆ ತುಕ್ಕು ಖಡ್ಗದ ವಯಸ್ಸಿಗೆ ಸಾಕ್ಷಿ, ಅದನ್ನು ಉಜ್ಜಿ ತೆಗೆಯುವುದು ಅಪರಾಧವೇ ಸರಿ.

ಮೇಲಿನಿಂದ ಕೆಳಕ್ಕೆ ಉಳಿಯಿಂದ ಕೆತ್ತಿದ ‘ಮೇಯಿ’ ಎಂಬ ಈ ಅಂಕಿತ ಒಮ್ಮೆ ಎರಡೇ ಅಕ್ಷರಗಳದ್ದಾದರೆ, ಮತ್ತೊಮ್ಮೆ ಸೀಮೆ, ಊರು, ಬಿರುದು, ನಾಮಧೇಯಗಳೆಲ್ಲವನ್ನೂ ಒಳಗೊಂಡು, ಹಿಂಬದಿಯಲ್ಲಿ ಕಾಲವನ್ನೂ ನಿರ್ದೇಶಿಸುವುದುಂಟು. ‘ಓಯೇಯ್’ ಎಂಬ ಶಕನಾಮವಿದ್ದರೆ 1394ರಿಂದ 1428ರ ನಡುವಿನದೆಂದು ತಿಳಿಯಬೇಕು. ತಿಂಗಳು ಮಾತ್ರ ಬಹುಮಟ್ಟಿಗೆ ಎರಡನೆಯದು, ಇಲ್ಲವೆ ಎಂಟನೆಯದು. ಮಿಕ್ಕ ತಿಂಗಳುಗಳಲ್ಲಿ ಕುಲುಮೆ ಆರಿತ್ತೆಂದಲ್ಲ, ಹಾಗೆ ಬರೆಯುವುದು ವಾಡಿಕೆ. ಧಾರೆ ಕೆಳಗಾಗಿ ಸೊಂಟದಿಂದ ತೂಗುವ ‘ತಾಚಿ’ಗೂ, ಧಾರೆ ಮೇಲಾಗಿ ನಡುಕಟ್ಟಿನಲ್ಲಿ ಸಿಕ್ಕಿಸುವ ‘ಕತಾನಾ’ಕ್ಕೂ ಅಂಕಿತ ಧರಿಸಿದವನ ಹೊರಮಗ್ಗುಲಿಗೆ ಬರಬೇಕೆಂಬುದು ನಿಯಮವಾದ್ದರಿಂದ, ಹೆಸರು ಯಾವ ಬದಿಯಲ್ಲಿದೆ ಎಂಬುದೇ ಒಂದು ಸುಳಿವು. ಆದರೆ ಹಿಜೆನ್ ಸೀಮೆಯ ತದಾಯೋಶಿ ಮನೆತನದವರು ಕತಾನಾಕ್ಕೂ ತಾಚಿಯ ಬದಿಯಲ್ಲಿಯೇ ಕೆತ್ತಿ ಈ ನಿಯಮವನ್ನು ಮುರಿದರು.

ಅಕ್ಷರವನ್ನು ಓದಿದ ಮಾತ್ರಕ್ಕೆ ಕರ್ತೃ ಸಿಕ್ಕಿದನೆಂದು ಭಾವಿಸುವುದು ಭ್ರಮೆ. ಬಿಜೆನ್ ಸೀಮೆಯ ಒಸಾಫುನೆಯಲ್ಲಿ ಸುಕೆಸಾದಾ ಎಂಬ ಒಂದೇ ಹೆಸರನ್ನು ಹಲವಾರು ಮಂದಿ ಕಮ್ಮಾರರು ಹೊತ್ತಿದ್ದರು. ಉದ್ದನೆಯ ತಾಚಿಯನ್ನು ಬುಡದ ಕಡೆಯಿಂದ ಕತ್ತರಿಸಿ ಕಿರಿದುಮಾಡುವ ಪದ್ಧತಿಯಿಂದ ಎಷ್ಟೋ ಅಂಕಿತಗಳು ಅಳಿದುಹೋದುವು. ಅಂಥವಕ್ಕೆ ಹೋನಾಮಿ ವಂಶದ ಪರೀಕ್ಷಕರು ತಾವು ನಿರ್ಣಯಿಸಿದ ಹೆಸರನ್ನು ಚಿನ್ನದಲ್ಲಿ ಕೂರಿಸಿದ್ದೂ ಉಂಟು. ಮಹಾಖ್ಯಾತನಾದ ಮಸಮುನೆಯ ಅಂಕಿತವಿರುವ ಖಡ್ಗಗಳೇ ವಿರಳ. ಇನ್ನು, ಕವಚಗಳ ಕಸುಬಿನಿಂದ ಬಂದು ಹದಿನೇಳನೆಯ ಶತಮಾನದ ಎದೋ ನಗರದಲ್ಲಿ ಕತ್ತಿಗೆ ಹೆಸರಾದ ಕೊತೆತ್ಸುವಿನ ಅಂಕಿತ ಕಂಡರೆ ಮೊದಲು ಸಂಶಯಪಡುವುದೇ ಅಲ್ಲಿಯ ಜಾಣರ ರೂಢಿ. ನಮ್ಮಲ್ಲಿಯ ಕೂಟಶಾಸನಗಳಂತೆ ಅವನ ಹೆಸರಿನ ಕೂಟಾಂಕಿತಗಳು ಅಷ್ಟೊಂದಿವೆ.

ಆದಕಾರಣ ಬಲ್ಲವರು ಹೆಸರನ್ನು ಕಟ್ಟಕಡೆಗೆ ನೋಡುತ್ತಾರೆ. ‘ಕಾನ್ತೇಯ್’ ಎಂಬ ಪರೀಕ್ಷಾಗೋಷ್ಠಿಯಲ್ಲಿ ಬುಡವನ್ನು ಮುಚ್ಚಿಯೇ ಕತ್ತಿಯನ್ನು ಮುಂದಿಡುವರು. ನೋಡುವವನು ಅದನ್ನು ದೀಪದ ಕಡೆಗೆ ಓರೆಮಾಡಿ, ಬಾಗು, ಉಕ್ಕಿನ ಮೈಯಲ್ಲಿ ಮರದ ಗೆರೆಗಳಂತೆ ಹರಿದ ಪದರ, ಹದ ಹಾಕಿದಾಗ ಧಾರೆಯುದ್ದಕ್ಕೂ ಮೂಡಿದ ಬಿಳಿಯ ಮಂಜಿನಂಥ ಅಲೆ, ಇವನ್ನು ಪರಿಭಾವಿಸಿ, ಒಂದು ಹೆಸರನ್ನು ಚೀಟಿಯಲ್ಲಿ ಬರೆದು ಕೊಡಬೇಕು. ನಿರ್ಣಾಯಕನು ‘ಅತಾರಿ’, ಅಂದರೆ ಗುರಿ ಮುಟ್ಟಿತು, ಎಂದು ಬರೆದು ಹಿಂದಿರುಗಿಸಿದರೂ ಆತುರ ಸಲ್ಲದು. ಎಲ್ಲರ ಚೀಟಿಗಳೂ ಮುಗಿದ ಮೇಲೆಯೇ ಬುಡದ ಮುಸುಕು ತೆಗೆದು, ಅರದ ಗೀರುಗಳ ಓರೆಯನ್ನೂ ಉಳಿಯ ಏಟಿನ ಆಳವನ್ನೂ ಒಬ್ಬೊಬ್ಬರಾಗಿ ಬಾಗಿ ನೋಡುವರು.