ಶ್ವಾಸಕೋಶದ ರಕ್ತಗರಣೆ

ರಕ್ತವು ದೇಹದಲ್ಲಿ ಸದಾ ಹರಿಯುತ್ತಿರಬೇಕು. ಗಾಯವಾದೆಡೆಯಲ್ಲಿ ಮಾತ್ರ ಹೆಪ್ಪುಗಟ್ಟಬೇಕು. ಈ ನಿಯಮವು ತಪ್ಪಿದರೆ ರಕ್ಷಕವೇ ಭಕ್ಷಕವಾಗುವುದು. ಶಸ್ತ್ರಚಿಕಿತ್ಸೆಯಾದವರು, ಮೂಳೆ ಮುರಿದು ಹಾಸಿಗೆ ಹಿಡಿದವರು, ಬಾಣಂತಿಯರು, ಅರ್ಬುದರೋಗಿಗಳು, ಇಂತಹವರ ಕಾಲಿನ ಆಳದ ಸಿರೆಗಳಲ್ಲಿ ರಕ್ತವು ಗರಣೆಗಟ್ಟುವುದುಂಟು. ಆ ಗರಣೆಯ ತುಂಡು ಕಳಚಿಕೊಂಡು, ಹೃದಯದ ಬಲಭಾಗವನ್ನು ಹಾದು, ಶ್ವಾಸಕೋಶದ ಧಮನಿಯಲ್ಲಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಸಂಚಕಾರ. ಕಾಲಿನ ವ್ಯಾಧಿಯು ಎದೆಯಲ್ಲಿ ತಲೆದೋರುವ ಈ ಮರ್ಮವನ್ನು 19ನೆಯ ಶತಮಾನದ ಮಧ್ಯಭಾಗದಲ್ಲಿ ಜರ್ಮನಿಯ ವಿರ್ಖೋ ಎಂಬ ವೈದ್ಯಪಂಡಿತನು ವಿಶದಪಡಿಸಿದನು.

ಇದರ ಲಕ್ಷಣಗಳು ಮೋಸಗೊಳಿಸತಕ್ಕವು. ಇದ್ದಕ್ಕಿದ್ದಂತೆ ಏದುಸಿರು, ಉಸಿರೆಳೆದಾಗ ಎದೆಯಲ್ಲಿ ಚುಚ್ಚುನೋವು, ನಾಡಿಯ ವೇಗ, ಕೆಲವರಲ್ಲಿ ಕೆಮ್ಮಿನೊಡನೆ ರಕ್ತ, ಮೂರ್ಛೆ, ಇಲ್ಲವೆ ಒಂದೇ ಕಾಲಿನ ಬಾವು. ನಮ್ಮ ಅಕ್ಕನವರು ತೊಡೆಯ ಮೂಳೆ ಮುರಿದು ಮಲಗಿದ್ದಾಗ ಮೂರನೆಯ ವಾರದಲ್ಲಿ ಅವರಿಗೆ ಏದುಸಿರು ಹತ್ತಿತು. ವಾಯುವಿನ ಬಾಧೆಯೆಂದು ಬಗೆದು, ಓಮದ ಕಷಾಯವನ್ನು ಕೊಟ್ಟು, ಒಂದು ಹಗಲನ್ನೇ ಕಳೆದೆನು. ದೈವಕೃಪೆಯಿಂದ ಅವರು ಉಳಿದರು. ನನ್ನ ಅವಿವೇಕದ ನೆನಪೂ ಉಳಿಯಿತು.

ಅಂದು ರೋಗವನ್ನು ಕಣ್ಣಿಗೆ ಕಾಣಿಸಿದ್ದು ಸಿ.ಟಿ. ಯಂತ್ರವು. ಎಕ್ಸ್-ರೇ ಕಿರಣಗಳನ್ನು ದೇಹದ ಸುತ್ತಲೂ ಹಾಯಿಸಿ, ಗಣಕಯಂತ್ರದ ನೆರವಿನಿಂದ ಒಳಗಿನ ಪದರಪದರವನ್ನೂ ಇದು ಚಿತ್ರಿಸುವುದು. ಇಂಗ್ಲೆಂಡಿನ ಹೌನ್ಸ್‌ಫೀಲ್ಡರ ಯಂತ್ರವು 1971ರಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಮಿದುಳನ್ನು ತೋರಿಸಿತು. 1979ರಲ್ಲಿ ಅವರಿಗೂ ಕಾರ್ಮ್ಯಾಕರಿಗೂ ನೊಬೆಲ್ ಪಾರಿತೋಷಕವು ದೊರೆಯಿತು. ಗರಣೆಯ ಪರೀಕ್ಷೆಗಾಗಿ ತೋಳಿನ ಸಿರೆಗೆ ಅಯೋಡಿನ್ ಬೆರೆತ ದ್ರವವನ್ನು ಚುಚ್ಚುವರು. ಮೈಯೆಲ್ಲ ಬೆಚ್ಚಗಾದಂತೆ ತೋರುವುದು. ಕೆಲವು ಕ್ಷಣ ಉಸಿರು ಬಿಗಿಹಿಡಿದರೆ ಸಾಕು. ಚಿತ್ರದಲ್ಲಿ ರಕ್ತನಾಳಗಳು ಬೆಳ್ಳಗೆ ಹೊಳೆಯುವುವು. ಗರಣೆಯಿರುವ ಎಡೆಯು ಕಪ್ಪಾಗಿ ಕಾಣುವುದು.

ಆದರೂ ಎದೆನೋವೆಂದ ಮಾತ್ರಕ್ಕೆ ಎಲ್ಲರಿಗೂ ಈ ಪರೀಕ್ಷೆಯು ಯುಕ್ತವಲ್ಲ. ಕಿರಣಗಳಿಂದ ಅಲ್ಪವಾದರೂ ಹಾನಿಯ ಸಂಭವವಿದೆ. ಮೂತ್ರಪಿಂಡವು ಕೆಟ್ಟವರಿಗೂ ಅಯೋಡಿನ್ ದ್ರವವು ಹಿಂದೆ ಒಗ್ಗದಿದ್ದವರಿಗೂ ಎಚ್ಚರಿಕೆಯು ಅಗತ್ಯ. ಗರ್ಭಿಣಿಯರು ತಮ್ಮ ಸ್ಥಿತಿಯನ್ನು ಮೊದಲೇ ತಿಳಿಸತಕ್ಕದ್ದು. ಆದುದರಿಂದ ವೈದ್ಯರು ಮೊದಲು ಲಕ್ಷಣಗಳನ್ನು ತೂಗಿನೋಡುವರು. ಶಂಕೆಯು ಅಲ್ಪವಾಗಿದ್ದರೆ ಡಿ-ಡೈಮರ್ ಎಂಬ ರಕ್ತಪರೀಕ್ಷೆಯನ್ನು ಮಾಡಿಸುವರು. ಅದು ಸರಿಯಾಗಿದ್ದರೆ ಸಾಮಾನ್ಯವಾಗಿ ಯಂತ್ರದ ಗೊಡವೆಯೇ ಬೇಡ. ಶಂಕೆಯು ಬಲವಾಗಿದ್ದರೆ ನೇರವಾಗಿ ಸಿ.ಟಿ.ಗೆ ಕಳುಹಿಸುವರು, ಹೆಪ್ಪು ಬೆಳೆಯದಂತೆ ತಡೆಯುವ ಔಷಧವನ್ನು ಚಿತ್ರವು ಬರುವ ಮೊದಲೇ ಆರಂಭಿಸುವುದೂ ಉಂಟು.

ಯಂತ್ರವು ಎಷ್ಟೇ ಸೂಕ್ಷ್ಮವಾಗಿರಲಿ, ರೋಗಿಯನ್ನು ಅದರ ಬಳಿಗೆ ಸಕಾಲದಲ್ಲಿ ಒಯ್ಯತಕ್ಕವರು ಮನೆಯವರೇ. ಹಾಸಿಗೆ ಹಿಡಿದವರಿಗೆ ಹಠಾತ್ತಾಗಿ ಉಸಿರು ಕಟ್ಟಿದರೆ ಕಷಾಯಕ್ಕೆ ನೀರಿಡುವುದನ್ನು ಬಿಟ್ಟು, ಆಸ್ಪತ್ರೆಗೆ ಹೊರಡುವುದೇ ಗೃಹಸ್ಥಧರ್ಮ.