ಸೆರೆಯಲ್ಲೂ ತಪ್ಪದ ಡ್ಯೂಟಿ

ಕಷ್ಟ ಬಂದಾಗ ನಾವು ಮೊದಲು ಕೈಬಿಡೋದು ಏನು ಹೇಳಿ? ದಿನಚರಿಯನ್ನು! ತಲೆ ಬಾಚಿಕೊಳ್ಳಲೂ ಮನಸ್ಸಾಗದು. ‘ಯಾರಿಗೋಸ್ಕರ ಮಾಡ್ಬೇಕು ಬಿಡಿ’ ಅಂದುಬಿಡ್ತೀವಿ. ನಿಮಗೂ ಹಾಗನ್ನಿಸಿದ್ದರೆ ಕ್ಯಾಪ್ಟನ್ ಮಾಡ್ ಡೇವಿಸನ್ ಅವರ ಕಥೆ ಕೇಳಿ.

ಕೆನಡಾದಲ್ಲಿ 1885ರಲ್ಲಿ ಹುಟ್ಟಿದ ಇವರು ಮೊದಲು ಆಹಾರತಜ್ಞೆ. ಆಮೇಲೆ ನರ್ಸಿಂಗ್ ಕಲಿತು 1918ರಲ್ಲಿ ಅಮೆರಿಕದ ಸೇನೆಗೆ ಸೇರಿದರು. 1941ರ ಡಿಸೆಂಬರ್‌ನಲ್ಲಿ ಜಪಾನ್ ಫಿಲಿಪ್ಪೀನ್ಸ್ ಮೇಲೆ ದಾಳಿ ಮಾಡಿದಾಗ ಅಲ್ಲಿನ ಅಮೆರಿಕನ್ ಸೇನಾ ನರ್ಸ್‌ಗಳಿಗೆಲ್ಲ ಇವರೇ ಮುಖ್ಯಸ್ಥೆ. ವಯಸ್ಸು 56. ಕೊರೆಗಿಡೊರ್ ದ್ವೀಪದ ಸುರಂಗವೇ ಇವರ ಆಸ್ಪತ್ರೆಯಾಯಿತು. 1942ರ ಮೇ ತಿಂಗಳಲ್ಲಿ ದ್ವೀಪ ಶರಣಾಯಿತು. ಒಟ್ಟು 66 ಸೇನಾ ನರ್ಸ್‌ಗಳು ಮನಿಲಾದ ಸಾಂತೊ ತೋಮಾಸ್ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ಸೆರೆಶಿಬಿರ ಸೇರಿದರು.

ಅಲ್ಲಿ ಸಾವಿರಾರು ನಾಗರಿಕ ಕೈದಿಗಳಿದ್ದರು. ಡೇವಿಸನ್ ಬಲು ಖಡಕ್. ಪ್ರತಿ ನರ್ಸೂ ಸಮವಸ್ತ್ರ ತೊಟ್ಟು ಶಿಬಿರದ ಆಸ್ಪತ್ರೆಯಲ್ಲಿ ದಿನಾ ನಾಲ್ಕು ಗಂಟೆ ಕೆಲಸ ಮಾಡಲೇಬೇಕು ಎಂದರು. ಅವರ ಸಹಾಯಕಿ ಜೋಸೆಫೀನ್ ನೆಸ್ಬಿಟ್ ಮಾತ್ರ ಅಮ್ಮನಂಥ ಹೆಂಗಸು. ಕಿರಿಯರು ಅವರನ್ನು ‘ಮಾಮಾ ಜೋಸಿ’ ಅಂತಲೇ ಕರೀತಿದ್ದರು. ಒಬ್ಬರದು ಶಿಸ್ತು, ಇನ್ನೊಬ್ಬರದು ಅಕ್ಕರೆ. ಎರಡೂ ಬೇಕಲ್ಲವೇ?

1944ರ ಹೊತ್ತಿಗೆ ಹಸಿವು ಹೆಚ್ಚಿತು. ಸುಮಾರು 70 ಕೆ.ಜಿ. ಇದ್ದ ಡೇವಿಸನ್ ಕೊನೆಗೆ 36 ಕೆ.ಜಿ.ಗೆ ಇಳಿದರು. ಆದರೂ 1945ರ ಫೆಬ್ರುವರಿಯಲ್ಲಿ ಬಿಡುಗಡೆಯಾದಾಗ 66 ಮಂದಿಯೂ ಜೀವಂತ! ಕೈತುಂಬ ಕೆಲಸ, ಜೊತೆಗೆ ಒಗ್ಗಟ್ಟು ತಮ್ಮನ್ನು ಉಳಿಸಿತು ಎಂದು ಅವರಲ್ಲಿ ಅನೇಕರು ನಂಬಿದ್ದರು.

ಡೇವಿಸನ್‌ಗೆ ಒಂದು ಪದಕವೇನೋ ಸಿಕ್ಕಿತು. ಅದಕ್ಕಿಂತ ದೊಡ್ಡ ಗೌರವವಾದ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಮೆಡಲ್‌ಗೆ ಹೋದ ಶಿಫಾರಸು ಮಾತ್ರ ತಿರಸ್ಕೃತವಾಯಿತು. ವೈದ್ಯರು, ಅಧಿಕಾರಿಗಳ ನೆರವಿಲ್ಲದೆ ನರ್ಸ್ ಒಬ್ಬಳೇ ಇಷ್ಟೆಲ್ಲ ಮಾಡಲಾರಳು ಎಂಬುದು ಆಗಿನವರ ವಾದ. 1956ರಲ್ಲಿ ಅವರು ತೀರಿಕೊಂಡರು. ಆ ಪದಕ ಬಂದದ್ದು 2001ರಲ್ಲಿ.

ಮನೆಯಲ್ಲಿ ದುಡಿಯುವ ನಮಗೆ ಈ ಮಾತು ಹೊಸದೇನಲ್ಲ, ಅಲ್ವಾ? ಹಾಗಾಗಿ ಮೂರು ಕಿವಿಮಾತು:

* ಮನಸ್ಸು ಕುಸಿದ ದಿನವೂ ಸ್ನಾನ ಮಾಡಿ, ಒಳ್ಳೆಯ ಬಟ್ಟೆ ಉಟ್ಟು ಒಂದಾದರೂ ಕೆಲಸ ಮುಗಿಸಿ. ವಾರಗಟ್ಟಲೆ ಅದೂ ಆಗದಿದ್ದರೆ ವೈದ್ಯರನ್ನು ಕಾಣಿ.
* ಮನೆಯಲ್ಲಿ ಕಾಯಿಲೆಯವರಿದ್ದರೆ ಆರೈಕೆಯನ್ನು ಪಾಳಿ ಹಾಕಿ ಹಂಚಿಕೊಳ್ಳಿ. ಡೇವಿಸನ್ ಕೂಡ ಯಾರಿಗೂ ದಿನವಿಡೀ ಡ್ಯೂಟಿ ಹಾಕಲಿಲ್ಲ.
* ಅತ್ತೆ, ಓರಗಿತ್ತಿ, ಕೆಲಸದಾಕೆ ಮಾಡಿದ್ದನ್ನು ಇವತ್ತೇ ಮೆಚ್ಚಿ ಮಾತಾಡಿ. ಸತ್ತ ಮೇಲೆ ಪದಕ ಕೊಟ್ಟರೆ ಕೇಳಿಸಿಕೊಳ್ಳೋಕೆ ಯಾರಿರ್ತಾರೆ?